ಹನ್ನೊಂದು ಕೋಳಿಗಳ ಕಥೆ

ಅಪ್ಪನ ಕಣ್ಣು ಇನ್ನು ಸರಿಹೋಗುವುದಿಲ್ಲವೆಂದು ಡಾಕ್ಟರು ಹೇಳಿದ ಮರುದಿನ ನಾನು ಲಾಕ್ಲನ್ ಮೇಲೆ ರೇಗಿದೆ.

ಸೇಂಟ್ ಹೆಲೆನ್ಸ್ ಊರಿನ ಕೊಲ್ಲಿಯಲ್ಲಿ ತಿನ್ನುವ ಸಿಂಪಿ ಬೆಳೆಸುವ ಕಡೆ ನಮ್ಮಿಬ್ಬರಿಗೂ ಕೆಲಸ. ಶೆಡ್ಡಿನಲ್ಲಿ ಎದುರುಬದುರು ನಿಂತು ಸಿಂಪಿಗಳನ್ನು ಗಾತ್ರ ನೋಡಿ ಬೇರೆಮಾಡುತ್ತಿದ್ದೆವು. ಅವನು ಸೇರಿ ಮೂರು ತಿಂಗಳಾಗಿತ್ತು. ಉದ್ದನೆಯ ಕೈ, ಬಿಸಿಲಿಗೆ ಕೆಂಪಾದ ಕಿವಿ. ಮಾತಾಡುವಾಗ ನನ್ನ ಮುಖ ಬಿಟ್ಟು ತನ್ನ ಗ್ಲೌಸ್ ನೋಡುತ್ತಿದ್ದ.

“ಅಪ್ಪ ಇನ್ಮೇಲೆ ದೋಣಿ ಓಡಿಸೋ ಹಾಗಿಲ್ಲ,” ಎಂದೆ. ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

“ನಮ್ಮಜ್ಜಿಗೂ ಕಣ್ಣು ಹೋಗಿತ್ತು,” ಎಂದ ಅವನು. “ನನಗಾಗ ಹದಿನಾಲ್ಕು. ಅವಳ ಹತ್ರ ಹನ್ನೊಂದು ಕೋಳಿ ಇದ್ವು...”

“ಕೋಳಿನಾ?” ಕೈಯಲ್ಲಿದ್ದ ಸಿಂಪಿಯನ್ನು ಬುಟ್ಟಿಗೆ ಎಸೆದೆ. “ನಾನು ಅಪ್ಪನ ವಿಷಯ ಹೇಳ್ತಿದ್ರೆ ನಿನ್ನ ಕೋಳಿ ಪುರಾಣ ಯಾಕಪ್ಪಾ ಮಧ್ಯದಲ್ಲಿ? ಎಲ್ಲದಕ್ಕೂ ನಿಂದೊಂದು ಕಥೆ ಇರ್ಲೇಬೇಕಾ?”

ಅವನ ಕಿವಿ ಇನ್ನಷ್ಟು ಕೆಂಪಾಯಿತು. ತಲೆ ತಗ್ಗಿಸಿ ಸಿಂಪಿ ಆರಿಸತೊಡಗಿದ.

ಸೋಮವಾರದಿಂದ ಅವನು ಬೇರೆಯೇ ಮನುಷ್ಯ. ಅಪ್ಪ ಯಾರೊಂದಿಗೂ ಮಾತಾಡುತ್ತಿಲ್ಲ ಎಂದರೆ, “ನಿನಗೆ ತುಂಬಾ ಕಷ್ಟ ಆಗಿರ್ಬೇಕು.” ಟೀ ಮೈಮೇಲೆ ಚೆಲ್ಲಿಕೊಂಡರು ಎಂದರೆ, “ನಿನಗೆ ತುಂಬಾ ಕಷ್ಟ ಆಗಿರ್ಬೇಕು.” ಕೊನೆಗೆ ಬೇಕೆಂದೇ, ನನ್ನ ಸ್ಯಾಂಡ್‌ವಿಚ್ ಕಡಲಹಕ್ಕಿ ಕಿತ್ತುಕೊಂಡು ಹೋಯಿತು ಎಂದೆ. ಅದಕ್ಕೂ ಅದೇ ಮಾತು, ಅದೇ ಗಂಭೀರ ಮುಖ.

ನಗು ತಡೆಯಲಾಗಲಿಲ್ಲ. “ಇದನ್ನ ಎಲ್ಲಿ ಕಲಿತೆ ಮಾರಾಯ?”

“ಅಕ್ಕ ಹೇಳಿಕೊಟ್ಟಳು. ಯಾರಾದ್ರೂ ದುಃಖ ಹೇಳ್ಕೊಂಡ್ರೆ ನಿನ್ನ ಕಥೆ ಬಿಚ್ಚಬೇಡ, ಇಷ್ಟಂದು ಸುಮ್ನಿರು ಅಂತ.”

ಆದರೆ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಹನ್ನೊಂದು ಕೋಳಿಗಳು ನನ್ನ ತಲೆಯೊಳಗೆ ಓಡಾಡಿದವು. ಕಣ್ಣು ಕಳೆದುಕೊಂಡ ಮುದುಕಿ ಅವುಗಳನ್ನು ಏನು ಮಾಡಿದಳು?

ಮರುದಿನ ಊಟದ ಹೊತ್ತಿಗೆ ದೋಣಿ ಕಟ್ಟುವ ದಕ್ಕೆಯ ತುದಿಯಲ್ಲಿ ಅವನ ಪಕ್ಕ ಕೂತೆ. “ಆ ಕೋಳಿಗಳಿಗೆ ಏನಾಯ್ತು?”

ಓರೆಗಣ್ಣಲ್ಲಿ ನೋಡಿದ. “ಬೈಯಲ್ವಾ?”

“ಕಥೆ ಚೆನ್ನಾಗಿಲ್ದಿದ್ರೆ ಬೈತೀನಿ.”

ಮನೆಯವರೆಲ್ಲ ಕೋಳಿ ಮಾರಿಬಿಡೋಣ ಎಂದರಂತೆ. ಅಜ್ಜಿ ಊಟ ಬಿಟ್ಟಳಂತೆ. ಇವನು ಹಿತ್ತಲ ಬಾಗಿಲಿನಿಂದ ಕೋಳಿಗೂಡಿನವರೆಗೆ ಹಗ್ಗ ಕಟ್ಟಿ, ಮೆಟ್ಟಿಲು ಬರುವಲ್ಲೆಲ್ಲ ಗಂಟು ಹಾಕಿದ. ಅಜ್ಜಿ ಅದನ್ನು ಹಿಡಿದು ಒಬ್ಬಳೇ ಹೋಗಿ ಮೊಟ್ಟೆ ತಂದಳು.

“ಒಂದು ಬಿದ್ದು ಒಡೀತು. ನಾನು ಓಡಿದೆ. ‘ಒಡೆದದ್ದು ನಾನು, ಒರೆಸೋಳೂ ನಾನೇ, ನೀನು ಹೋಗೋ’ ಅಂತ ಗದರಿದಳು. ಅವತ್ತು ಹೊಟ್ಟೆ ತುಂಬಾ ಉಂಡಳು.” ಊಟದ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟ. “ನಿಮ್ಮಪ್ಪನ ವಿಷಯ ಕೇಳಿದ ಕೂಡಲೇ ನನಗೆ ಆ ಹಿತ್ತಲಲ್ಲಿ ನಿಂತ ಹಾಗಾಯ್ತು, ಮೆರಿನ್. ನಿನ್ನ ಪಕ್ಕ ಇದ್ದೀನಿ ಅಂತ ಹೇಳೋಕೆ ಹೊರಟಿದ್ದೆ. ಅದು ಕೋಳಿ ಆಗಿ ಹೊರಗೆ ಬಂತು.”

ನಾನು ನಕ್ಕೆ, ಆಮೇಲೆ ಅತ್ತೆ. ಒಂದು ವಾರದಿಂದ ಅಪ್ಪನ ಬ್ರೆಡ್ಡಿಗೆ ಬೆಣ್ಣೆಯನ್ನೂ ನಾನೇ ಸವರಿ ಕೊಡುತ್ತಿದ್ದೆ. ಅವರೇಕೆ ತಟ್ಟೆ ದೂಡುತ್ತಿದ್ದರೆಂದು ಈಗ ತಿಳಿಯಿತು.

ಭಾನುವಾರ ಅಪ್ಪ ದೋಣಿ ಹತ್ತಿದರು; ಜೊತೆಗೆ ಲಾಕ್ಲನ್‌ನನ್ನೂ ಕರೆದಿದ್ದೆ. ನಾನು ಕೈ ಕೊಡಲಿಲ್ಲ. ಚುಕ್ಕಾಣಿ ಅವರದು, ಎಡ ಬಲ ಹೇಳುವ ಬಾಯಿ ಮಾತ್ರ ನನ್ನದು. ಕೊಲ್ಲಿ ಶಾಂತವಾಗಿತ್ತು.

“ಎಷ್ಟು ಅರಚ್ತೀಯೇ,” ಎಂದರು ಅಪ್ಪ. “ಹೋಗಿದ್ದು ಕಣ್ಣು, ಕಿವಿಯಲ್ಲ.” ಆ ವಾರದಲ್ಲಿ ಅವರು ಆಡಿದ ಅತಿ ಉದ್ದದ ಮಾತು ಅದು.

ಮರಳಿದ ಮೇಲೆ ಅಪ್ಪ ಮುಂದೆ ನಡೆದರು. ಲಾಕ್ಲನ್ ನಿಂತ. ಮೊದಲ ಸಲ ನನ್ನ ಮುಖವನ್ನೇ ನೋಡಿದ.

“ಒಂದು ವಿಷಯ ಹೇಳ್ಬೇಕು. ಆದ್ರೆ ಇದಕ್ಕೆ ನನ್ನ ಹತ್ರ ಯಾವ ಕಥೆನೂ ಇಲ್ಲ,” ಎಂದ. “ಈ ಥರ ನನಗೆ ಹಿಂದೆ ಯಾವತ್ತೂ ಆಗಿಲ್ಲ.”

ಅವನ ಕೈಯನ್ನು ಹಿಡಿದುಕೊಂಡೆ.

“ನನಗೂ ಆಗಿಲ್ಲ,” ಎಂದೆ.