ಬರಿ ತುಳಿತ

ತೀರಿಕೊಂಡ ಗುರುಸ್ವಾಮಿ ನೇಯುತ್ತಿದ್ದ ಕೊಳ್ಳೇಗಾಲದ ರೇಷ್ಮೆ ಮಗ್ಗಕ್ಕೆ ನಾನು ಕೂತದ್ದು ಸಾವಿರದ ಒಂಬೈನೂರ ಅರವತ್ತೆಂಟರ ಚಳಿಗಾಲದಲ್ಲಿ.

ದಿನಾ ಬೆಳಿಗ್ಗೆ ಬೀಗ ತೆಗೆದು, ಮಗ್ಗದ ಗುಂಡಿಗಿಳಿದು, ಕಾಲಹಲಗೆ ತುಳಿದು ಮೊದಲ ಲಾಳಿ ಎಸೆದರೆ ಅಂಚಿನ ಹೂವಿನಲ್ಲಿ ಒಂದೆಳೆ ತಪ್ಪಾಗಿ ಏಳುತ್ತಿತ್ತು. ಆಮೇಲೆ ಸಂಜೆಯವರೆಗೂ ಏನೂ ತಪ್ಪಿಲ್ಲ. ತುಳಿತಕ್ಕೊಂದರಂತೆ ಮುಂದೆ ಸರಿದು ಹೂವಿನ ಎಳೆ ಎತ್ತಿಸುವ ಜಕಾರ್ಡಿನ ತೂತಿನ ರಟ್ಟುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ, ಕೊಕ್ಕೆಗಳಿಗೆ ಎಣ್ಣೆ ಬಿಟ್ಟೆ. ಮರುದಿನ ಮತ್ತೆ ಅದೇ ಎಳೆ. ಅದು ಮದುವೆ ಸೀರೆ. ಬಿಚ್ಚಿ ನೇಯ್ದರೂ ರೇಷ್ಮೆಯಲ್ಲಿ ಗುರುತು ಉಳಿಯುತ್ತದೆ. ಇನ್ನೊಂದು ಗುರುತು ಕಂಡರೆ ಮಗ್ಗ ಬಿಡಿಸುತ್ತೇನೆಂದು ಮಗ್ಗದ ಯಜಮಾನರು ಹೇಳಿಹೋಗಿದ್ದರು.

ಗುರುಸ್ವಾಮಿಯ ಹೆಂಡತಿ ಅನಸೂಯಮ್ಮನಿಗೆ ಹೇಳಿದೆ. ಆಕೆ ನಕ್ಕುಬಿಟ್ಟರು.

“ಕುಂತೇಟ್ಗೆ ಲಾಳಿ ಎಸೀತೀಯೇನ್ಲಾ ಸುಬ್ಬಯ್ಯ? ನಮ್ಮನೆಯವ್ರು ಮೊದ್ಲು ಒಂದ್ಸಲ ಲಾಳಿ ಎಸೀದೆ ಬರೀ ತುಳೀತಿದ್ರು, ಆಮೇಲೆ ರಟ್ನ ಇಂದಕ್ ತಿರುಗಿಸ್ತಿದ್ರು. ಮಖ ತೊಳ್ಯಕ್ ಮುಂಚೆ ಯಾರ್ಗಾದ್ರೂ ಕೆಲ್ಸ ಏಳ್ತಾರಾ? ಮಗ್ಗಕ್ಕೂ ಅಂಗೇಯ.”

ಹಾಗೇ ಮಾಡಿದೆ. ಹೂವು ನೇರಕ್ಕೆ ಬಂತು. ಅಂದಿನಿಂದ ಸಂಜೆ ಏಳುವಾಗ, ಎಲ್ಲಿ ನಿಲ್ಲಿಸಿದ್ದೆನೆಂದು ತಿಳಿಯಲು, ನಿಂತ ರಟ್ಟಿಗೆ ಸುಣ್ಣದ ಬೊಟ್ಟಿಡುತ್ತಿದ್ದೆ.

ಎಂಟನೆಯ ಬೆಳಿಗ್ಗೆ ಬೀಗ ಹಾಕಿದಂತೆಯೇ ಇತ್ತು. ಕೀಲಿ ನನ್ನ ಉಡಿದಾರದಲ್ಲೇ ಇತ್ತು. ಒಳಗೆ ಹೋಗಿ ನೋಡಿದರೆ ಬೊಟ್ಟಿನ ರಟ್ಟು ಒಂದು ತುಳಿತದಷ್ಟು ಮುಂದಕ್ಕೆ ಸರಿದಿತ್ತು. ಗುಂಡಿಯ ಮಣ್ಣು ಬಾವಿಯ ಕಲ್ಲಿನಂತೆ ತಣ್ಣಗಿತ್ತು, ಹಲಗೆ ಮಾತ್ರ ಆಗತಾನೇ ಕಾಲು ತೆಗೆದಂತೆ ಬೆಚ್ಚಗಿತ್ತು. ರಟ್ಟನ್ನು ಹಿಂದಕ್ಕೆ ತಿರುಗಿಸಿ ಲಾಳಿ ಎಸೆದೆ. ಹೂವು ಸರಿಯಾಗಿ ಬಂತು.

ಸೀರೆ ಮುಗಿಯುವವರೆಗೂ ಬರಿ ತುಳಿಯುವ ಕೆಲಸ ನನ್ನ ಪಾಲಿಗೆ ಬರಲಿಲ್ಲ. ದಿನಾ ಬೆಳಿಗ್ಗೆ ರಟ್ಟನ್ನು ಹಿಂದಕ್ಕೆ ತಿರುಗಿಸುವುದಷ್ಟೇ ಉಳಿದಿತ್ತು.