ಕೊನೆಯ ಲೆವೆಲ್

"ಇದೇನೋ ಇಂಗ್ಲಿಷಲ್ಲಿ ಬಂದದೆ. ಸೀಕ್ರ ಓದು, ಪಾಪಾ!"

ಅಮ್ಮ ಫೋನನ್ನು ಭೂಮಿಯ ಮುಖದ ಹತ್ತಿರ ಹಿಡಿದಳು. ಚಾಪೆಯ ಮೇಲೆ ಸೀರೆಗಳನ್ನು ಬಿಚ್ಚಿ ಹರಡಿದ್ದಳು. ಪ್ರತಿ ಶುಕ್ರವಾರ ಸಂಜೆ ಅಮ್ಮ ತನ್ನ ಚಾನಲ್‌ನಲ್ಲಿ ಲೈವ್ ಬಂದು, ತಾನೇ ನೇಯ್ದ ಸೀರೆಗಳನ್ನು ಮಾರುತ್ತಾಳೆ. ದೀಪಾವಳಿಗೆ ಮುಂಚಿನ ಕೊನೆಯ ಶುಕ್ರವಾರ ಇದು.

ಭೂಮಿ ಓದಿದಳು.

"ಕಾಪಿರೈಟ್ ಕಂಪ್ಲೇಂಟ್ ಅಂತೆ. ಒಂದ್ ವಾರ ಲೈವ್ ಬರೋ ಹಾಗಿಲ್ಲ."

"ಒಂದ್ ವಾರಾನಾ? ದೀಪಾವಳಿನೇ ಮುಗಿದೋಗ್ತದೆ! ನಾನು ಯಾರ್ದು ಏನ್ ತಗಂಡೆ?"

ಪಕ್ಕದ ಮನೆಯಿಂದ ಸಿನಿಮಾ ಹಾಡು ಜೋರಾಗಿ ಕೇಳುತ್ತಿತ್ತು. ಅಮ್ಮ ಅತ್ತ ತಿರುಗಿದಳು.

"ಗೊತ್ತಾತು. ಆ ಶರವಣನ್ ಸ್ಪೀಕರು! ಅವನ ಹಾಡು ನನ್ ವಿಡಿಯೋಲಿ ಬಿದ್ದದೆ. ಇವತ್ತು ಅವನ್ನ ಬಿಡಲ್ಲ."

ಅಮ್ಮ ಚಪ್ಪಲಿ ಮೆಟ್ಟಿ ಹೊರಟಳು. ಶರವಣನ್ ಮಾಮ ಮೊನ್ನೆಯಷ್ಟೇ ಭೂಮಿಯ ಸೈಕಲ್ ರಿಪೇರಿ ಮಾಡಿಕೊಟ್ಟಿದ್ದರು. ಗೇಟಿನ ಚಿಲಕ ಕಿರ್ ಎಂದಿತು.

"ಅಮ್ಮಾ, ಮಾಮ ಅಲ್ಲ! ನಾನು!"

ಅಮ್ಮ ನಿಂತಳು.

"ನಾನು ಗೇಮ್ ಆಡಿದ್ನಲ್ಲ, ಅದರ ವಿಡಿಯೋ ನಿನ್ ಚಾನಲ್‌ಗೆ ಹಾಕಿದೆ. ಕ್ಲಾಸಲ್ಲಿ ಯಾರೂ ಕೊನೇ ಲೆವೆಲ್ ನೋಡಿಲ್ಲ, ಅದಕ್ಕೆ..."

"ಹಾಕಬಾರ್ದು ಅಂತ ಆ ಗೇಮ್ ಮಾಡಿದೋರು ಹೇಳಿರಲಿಲ್ವಾ?"

ಹೇಳಿದ್ದರು. ಆಟದ ಶುರುವಿನಲ್ಲೇ ಬರೆದಿತ್ತು: ಆಡಿದ್ದನ್ನು ಹಂಚಿಕೊಳ್ಳಿ, ಕೊನೆಯ ಲೆವೆಲ್ ಮಾತ್ರ ತೋರಿಸಬೇಡಿ. ಭೂಮಿ 'ಸ್ಕಿಪ್' ಒತ್ತಿದ್ದಳು.

"ಎಲ್ಲಾರೂ ಹಾಕ್ತಾರಮ್ಮಾ. ಆಡಿದ್ದು ನಾನೇ ತಾನೆ?"

ಅಷ್ಟರಲ್ಲಿ ಎದುರು ಮನೆಯ ಪಾಪಾತಿ ಅಕ್ಕ ಗೇಟು ತಳ್ಳಿಕೊಂಡು ಬಂದಳು. ಅವಳ ಮನೆಯಲ್ಲೂ ಮಗ್ಗವಿದೆ. ಕೈಯಲ್ಲಿ ಫೋನು.

"ಏನಕ್ಕಾ, ಹೊಸ ಸೆರಗು ನೇಯ್ತಾ ಇದ್ದೀಯಂತೆ! ಒಂದೇ ಒಂದು ಫೋಟೋ."

ಅಮ್ಮ ಬಿರಬಿರನೆ ಒಳಗೆ ಹೋಗಿ ಮಗ್ಗದ ಮೇಲೆ ಟವೆಲ್ ಹರಡಿದಳು. "ಮೊದಲು ಸೀರೆ ಮಗ್ಗದಿಂದ ಇಳೀಲಿ, ಪಾಪಾತಿ. ಆಮೇಲೆ ಬೇಕಾದಷ್ಟು ನೋಡು."

"ಅಯ್ಯೋ, ನಾನೇನು ಅದನ್ನ ತಿಂದ್‌ಬಿಡ್ತೀನಾ?" ಪಾಪಾತಿ ಅಕ್ಕ ನಗುತ್ತಾ ಹೊರಟುಹೋದಳು.

ಅಮ್ಮ ನಗಲಿಲ್ಲ. ಹೋದ ವರ್ಷ ಅವಳ ಗಿಳಿ ಚಿತ್ತಾರದ ಸೆರಗು ಹೀಗೇ ಒಂದು ಫೋಟೋದಲ್ಲಿ ಹೋಗಿ ಬೀದಿಯ ಮಗ್ಗಗಳಲ್ಲೆಲ್ಲ ಕಾಣಿಸಿಕೊಂಡಿತ್ತು. ಆ ರಾತ್ರಿ ಅಮ್ಮ ಊಟ ಮಾಡಿರಲಿಲ್ಲ.

ಭೂಮಿ ಟವೆಲ್ಲನ್ನೇ ನೋಡುತ್ತಾ ನಿಂತಳು.

"ಅಮ್ಮಾ, ಒಂದ್ ನಿಮಿಷ ಫೋನ್ ಕೊಡು."

ಗೇಮ್ ಮಾಡಿದವರಿಗೆ ಅವಳು ಬರೆದಳು: ನೀವು ಬೇಡ ಅಂದಿದ್ದನ್ನು ತೋರಿಸಿಬಿಟ್ಟೆ. ತಪ್ಪು ನನ್ನದು. ಇದು ಅಮ್ಮನ ಚಾನಲ್.

ಉತ್ತರ ಬರಲಿಲ್ಲ. ಅಮ್ಮ ಫೋನು ತೆಗೆದುಕೊಂಡು ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಕರೆ ಮಾಡತೊಡಗಿದಳು. "ಇವತ್ತು ಲೈವ್ ಇಲ್ಲಕ್ಕಾ... ಏನೋ ತೊಂದರೆ." ಭೂಮಿಯ ಹೆಸರು ಹೇಳಲಿಲ್ಲ.

ಭೂಮಿ ಚಾಪೆಯ ಮೇಲಿನ ಸೀರೆಗಳನ್ನು ಮಡಚಿಟ್ಟಳು. ಮಗ್ಗದ ಮೇಲೆ ಟವೆಲ್ಲಿನ ಒಂದು ಮೂಲೆ ಜಾರಿತ್ತು. ಒಂದು ನೀಲಿ ರೆಕ್ಕೆಯ ತುದಿ ಕಾಣುತ್ತಿತ್ತು. ಯಾವ ಹಕ್ಕಿಯೋ?

ಅವಳು ಬಗ್ಗಿ ನೋಡಲಿಲ್ಲ. ಟವೆಲ್ಲನ್ನು ಎಳೆದು ಮುಚ್ಚಿದಳು.