ಕಹಿಪಟ್ಟಿಯ ಕಣ್ಮಣಿ

ಬಹಳ ಹಿಂದೆ, ಮರಗಳಿಗಿನ್ನೂ ಕಾಲಿದ್ದ ಕಾಲದಲ್ಲಿ, ಸಿರಿಕೂಡು ಎಂಬ ರಾಜ್ಯವಿತ್ತು. ರಾಜ್ಯದ ನಡುವೆ ಒಂದು ಬೆಟ್ಟ. ಬೆಟ್ಟವೆಲ್ಲ ಕೆಂಪು ಮಣ್ಣು, ಸೊಂಟದ ಹತ್ತಿರ ಮಾತ್ರ ಒಡ್ಯಾಣ ಕಟ್ಟಿದ ಹಾಗೆ ಒಂದು ಪಟ್ಟಿ ಹಸಿರುಗಪ್ಪು ಮಣ್ಣು. ನಾಲಿಗೆಗಿಟ್ಟರೆ ಬೇವಿಗಿಂತ ಕಹಿ. ಅಲ್ಲಿ ರಾಗಿ ಬೆಳೆಯದು, ಹುಲ್ಲೂ ಬೆಳೆಯದು. ಜನ ಅದಕ್ಕೆ ಕಹಿಪಟ್ಟಿ ಎಂದು ಹೆಸರಿಟ್ಟು ದನಗಳನ್ನು ಸಹ ಅತ್ತ ಬಿಡುತ್ತಿರಲಿಲ್ಲ.

ಯಾರಿಗೂ ಬೇಡದ ಆ ಮಣ್ಣೇ ಬೇಕು ಎನ್ನುವ ಗಿಡ ಒಂದಿತ್ತು. ಗೇಣುದ್ದದ ಗಿಡ, ನೀಲಿ ಹೂ, ಹೆಸರು ಕಣ್ಮಣಿ. ಅದರ ರಸ ಒಂದು ತೊಟ್ಟು ಬಿಟ್ಟರೆ ಮಸುಕಾದ ಕಣ್ಣು ಒಂದು ವರ್ಷ ತಿಳಿಯಾಗುತ್ತಿತ್ತು. ಬೆಟ್ಟದ ಬುಡದಲ್ಲಿ ಕೇತಯ್ಯ ಎಂಬ ಕುಂಬಾರ ತನ್ನ ಮಗಳು ಕೆಂಚವ್ವನ ಜೊತೆ ಇದ್ದ. ಮಡಕೆ ಸುಡುವ ಆವಿಗೆಯ ಹೊಗೆ ಕುಡಿದು ಕುಡಿದು ಅವನ ಕಣ್ಣು ಮಂಜಾಗಿತ್ತು. ಪ್ರತಿ ಯುಗಾದಿಗೆ ಮಗಳು ಒಂದೇ ಒಂದು ಹೂ ತರುತ್ತಿದ್ದಳು. ಉಳಿದದ್ದನ್ನು ಬೀಜಕ್ಕೆ ಬಿಡುತ್ತಿದ್ದಳು.

ಹೀಗಿರುವಾಗ ಬೇಗೆಸಿದ್ಧ ಎಂಬ ಮಾಂತ್ರಿಕ ಊರಿಗೆ ಬಂದ. ತೆಂಗಿನ ಮರದಷ್ಟು ಎತ್ತರದ ಆಳು. ಅವನ ಜೋಳಿಗೆಯಲ್ಲಿ ಆರದ ಕೆಂಡಗಳಿದ್ದವು. ಸೌದೆ ಬೇಡ, ಎಣ್ಣೆ ಬೇಡ, ಹೊಗೆಯೂ ಇಲ್ಲ. ಕಾಸು ಕೇಳದೆ ಮನೆಗೊಂದು ಕೊಟ್ಟ. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎನ್ನುವುದು ನಮ್ಮ ಜನರ ಜಾಯಮಾನ ತಾನೇ? ಅರಮನೆಯವರು ಹತ್ತು ಇಟ್ಟುಕೊಂಡರು. ಎಲ್ಲಕ್ಕಿಂತ ದೊಡ್ಡ ಕೆಂಡ ಕೇತಯ್ಯನ ಆವಿಗೆಗೆ ಹೋಯಿತು. ಹೊಗೆ ಇಲ್ಲದಿದ್ದರೆ ಅಪ್ಪನ ಕಣ್ಣು ಉಳಿಯುತ್ತದಲ್ಲ ಎಂದು ಕೆಂಚವ್ವನೇ ಮುಂದೆ ಹೋಗಿ ತಂದಿದ್ದಳು.

ಕೆಂಡ ಆರಲಿಲ್ಲ, ಅದರ ಕಾವೂ ಆರಲಿಲ್ಲ. ಬಯಲಲ್ಲಿ ತುಂಬಿದ ಬೇಗೆ ಮೆಲ್ಲಗೆ ಬೆಟ್ಟ ಹತ್ತತೊಡಗಿತು. ಆಗ ಮರಗಿಡಗಳು ತಂಪು ಹುಡುಕಿ ಮೇಲಕ್ಕೆ ನಡೆದವು. ಹೊನ್ನೆ ಹತ್ತು ಹೆಜ್ಜೆ ಹೋಯಿತು, ನೆಲ್ಲಿ ಇಪ್ಪತ್ತು ಹೋಯಿತು, ಕುಂಟುತ್ತ ಬಿದಿರೂ ಹೋಯಿತು. ಕಣ್ಮಣಿ ಮಾತ್ರ ಕಹಿಪಟ್ಟಿಯ ಮೇಲಂಚಿಗೆ ಬಂದು ನಿಂತುಬಿಟ್ಟಿತು. ಮುಂದೆ ಕೆಂಪು ಮಣ್ಣು, ಹಿಂದೆ ಬೇಗೆ. ಮೂರು ವರ್ಷದಲ್ಲಿ ನೂರಾರು ಗಿಡ ಒಣಗಿ ಹನ್ನೆರಡು ಉಳಿದವು.

ಕೆಂಚವ್ವ ಉಳಿದದ್ದನ್ನು ಎಣಿಸಿ ನೋಡಿದಳು. ಗಿಡ ಹೋದರೆ ಅಪ್ಪನ ಕಣ್ಣು ಹೋಯಿತು. ಅವಳು ಮೂರು ಗಿಡ ಕಿತ್ತು ಅರಮನೆಯ ತೋಟದ ಗೊಬ್ಬರದ ಮಣ್ಣಿನಲ್ಲಿ ನೆಟ್ಟಳು. ಬಡವರ ಮನೆಯ ಕೂಸಿಗೆ ಮೃಷ್ಟಾನ್ನ ಹಾಕಿದ ಹಾಗಾಗಿ ಗಿಡಗಳು ಮೂರೇ ದಿನಕ್ಕೆ ಕೊಳೆತವು. ಇನ್ನು ಮೂರನ್ನು ಬೆಟ್ಟದ ತುದಿಯ ತಂಪಿನಲ್ಲಿ, ಕೆಂಪು ಮಣ್ಣಿನಲ್ಲಿ ನೆಟ್ಟಳು. ಪಕ್ಕದ ಹುಲ್ಲು ಅವನ್ನು ಮೂರೇ ವಾರಕ್ಕೆ ನುಂಗಿತು.

ಮೂರನೆಯ ಸಲ ಅವಳು ಜಾಣೆಯಾದಳು. ಕಹಿಮಣ್ಣನ್ನೇ ಕುಕ್ಕೆಯಲ್ಲಿ ಹೊತ್ತು ತುದಿಗೆ ಸಾಗಿಸಿದಳು. ಕುಂಬಾರರ ಕೈ ನೋಡಿ, ಮಣ್ಣು ಕಂಡರೆ ಸುಮ್ಮನಿರದು. ಜರಡಿ ಹಿಡಿದು, ಒಂದು ಹರಳೂ ಉಳಿಯದಂತೆ ಆರಿಸಿ, ಬೆಣ್ಣೆಯ ಹಾಗೆ ಹದ ಮಾಡಿ, ಪಾತಿ ಕಟ್ಟಿ ಮೂರು ಗಿಡ ನೆಟ್ಟಳು. ಅವೂ ಸತ್ತವು. ಕೆಂಚವ್ವ ಕಹಿಪಟ್ಟಿಗೆ ಇಳಿದು ಬಂದು ಕುಸಿದು ಕೂತು ಅತ್ತಳು.

ಬಂಡೆಯ ಕೆಳಗಿನಿಂದ ಮಂಚದಷ್ಟು ಉದ್ದದ ಉಡ ಒಂದು ಹೊರಗೆ ಬಂತು. ಅದು ಬೆಟ್ಟ ಹುಟ್ಟಿದಾಗಿನಿಂದ ಕಹಿಪಟ್ಟಿಯನ್ನು ಕಾಯುತ್ತಿತ್ತು.

"ಕುಂಬಾರ್ತಿ, ಮಣ್ಣನ್ನ ಹೊತ್ಕೊಂಡು ಹೋದೆ, ಅದರ ಮೂಳೆ ಎಲ್ಲಿ ಬಿಸಾಕಿದೆ?" ಎಂದು ಕೇಳಿತು.

"ಕಲ್ಲಾ? ಕಲ್ಲಿದ್ರೆ ಮಣ್ಣು ಕೆಟ್ಟದ್ದಲ್ವಾ?"

"ನಿನ್ನ ಮಡಕೆಗೆ ಕೆಟ್ಟದ್ದು. ಈ ಗಿಡ ಆ ಕಲ್ಲನ್ನೇ ಉಂಡು ಬೆಳೆಯೋದು. ಈ ಮಣ್ಣು ಹಣ್ಣಾಗೋಕೆ ಸಾವಿರ ವರ್ಷ ಹಿಡೀತು. ನಿನ್ನ ಕುಕ್ಕೇಲಿ ಹಿಡಿಯೋದಾ ಅದು? ಗಿಡ ಸಾಗಿಸೋದು ಬಿಡು. ಬೇಗೇನ ಹಿಂದಕ್ಕೆ ಕಳಿಸು."

ಆರದ ಕೆಂಡವನ್ನು ಆರಿಸುವುದು ಹೇಗೆಂದು ಅವಳು ಕೇಳಿದಳು. ನೀರು ಹಾಕಿದರೆ ಅದು ನೀರನ್ನೇ ಕುಡಿಯುತ್ತದೆ, ಏನು ಹಾಕಿದರೂ ತಿನ್ನುತ್ತದೆ, ಆದರೆ ಕಹಿಮಣ್ಣನ್ನು ತಿನ್ನಲಾರದು ಎಂದು ಉಡ ಹೇಳಿತು. ಕಲ್ಲುಸಹಿತ ಒಂದು ಚಿಟಿಕೆ ಸಾಕು, ಪಟ್ಟಿಯನ್ನು ಅಗೆಯಬೇಡ, ಮಳೆಗೆ ಜಾರಿ ಬುಡಕ್ಕೆ ಬಿದ್ದದ್ದನ್ನು ಮಾತ್ರ ತಗೋ ಎಂದೂ ಸೇರಿಸಿತು.

ಕೆಂಚವ್ವ ಜಾರಿ ಬಿದ್ದ ಮಣ್ಣನ್ನು ತುಂಬಿಕೊಂಡು ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದಳು. ಕೇತಯ್ಯ ಆ ಮಣ್ಣನ್ನು ನಾಲಿಗೆಗಿಟ್ಟು ನೋಡಿ, ಮೊದಲು ನಮ್ಮ ಆವಿಗೆ ಎಂದ. ಚಿಟಿಕೆ ಮಣ್ಣು ಬಿದ್ದದ್ದೇ ಆ ದೊಡ್ಡ ಕೆಂಡ ಕೆಮ್ಮಿ ಕಪ್ಪಗಾಯಿತು. ಆ ಹೊತ್ತಿಗೇ ಬೀದಿಯಲ್ಲಿದ್ದ ಬೇಗೆಸಿದ್ಧ ಒಂದು ಮೊಳ ಗಿಡ್ಡನಾದ. ಊರವರು ಕಣ್ಣಾರೆ ಕಂಡರು.

ಮತ್ತೆ ಸೌದೆ ಹೊರುವವರು ಯಾರು ಎಂದು ಗೊಣಗಿದವರು ಬಹಳ. ಆದರೆ ಆ ಬೇಗೆಗೇ ಊರ ಬಾವಿ ಬತ್ತಿದ್ದು ಅವರಿಗೂ ಗೊತ್ತಿತ್ತು. ಮೇಲಾಗಿ ಮಾಂತ್ರಿಕ ಗಿಡ್ಡನಾಗುವುದನ್ನು ನೋಡುವ ಚಪಲ ಬೇರೆ. ಮನೆಮನೆಯಲ್ಲೂ ಕೆಂಡ ಆರಿತು. ಮಾಂತ್ರಿಕ ಬಾಳೆ ಗಿಡದಷ್ಟಾದ, ತೊಗರಿ ಗಿಡದಷ್ಟಾದ, ಕೊನೆಗೆ ಮೊಣಕಾಲೆತ್ತರವಾದ. ಅರಮನೆಯ ಅಡುಗೆಮನೆಯಲ್ಲಿ ಕೊನೆಯ ಕೆಂಡ ಉಳಿಯಿತು. ರಾಣಿಯ ಬಿಸಿನೀರು ತಪ್ಪುತ್ತದೆಂದು ರಾಜ ಮೀನಮೇಷ ಎಣಿಸುತ್ತಿದ್ದ. ತಣ್ಣೀರು ಮೀಯುತ್ತೇನೆ ಎಂದು ರಾಣಿಯೇ ಒಲೆಯಿಂದ ಪಕ್ಕಕ್ಕೆ ಸರಿದಳು.

ಆಗ ಬೇಗೆಸಿದ್ಧ ಕೆಂಚವ್ವನ ಸೆರಗು ಹಿಡಿದ.

"ಇದೊಂದು ಇರಲಿ ತಾಯಿ. ಉಳಿದ ಮೂರರಲ್ಲಿ ಎರಡು ಒಣಗಿದವು. ಬೆಟ್ಟದಲ್ಲಿ ಈಗ ಒಂದೇ ಗಿಡ, ಅದರಲ್ಲಿ ಒಂದೇ ಹೂ. ಅದನ್ನ ಕಿತ್ತರೆ ಬೀಜ ಇಲ್ಲ, ಬಿಟ್ಟರೆ ನಿಮ್ಮಪ್ಪನಿಗೆ ಈ ವರ್ಷ ಕಣ್ಣಿಲ್ಲ. ನಾನು ಅವನಿಗೆ ಸಾಯೋವರೆಗೂ ಕಣ್ಣು ಕೊಡ್ತೀನಿ."

ಕೆಂಚವ್ವನ ಕೈ ಹಿಡಿದು ಕೇತಯ್ಯನೂ ಅರಮನೆಗೆ ಬಂದಿದ್ದ. ಅವಳು ಅಪ್ಪನ ಮುಖ ನೋಡಿದಳು. ಹೋದ ಯುಗಾದಿಯ ರಸದ ಬಲ ಮುಗಿದು ಅವನಿಗೆ ಅವಳ ಮುಖ ಆಗಲೇ ಕಾಣುತ್ತಿರಲಿಲ್ಲ.

"ಮಣ್ಣು ಹಾಕವ್ವ," ಎಂದ ಅವನು. "ನಾನು ಕಣ್ಣಿಗಿಂತ ಮುಂಚೆ ನಾಲಿಗೇಲಿ ಮಣ್ಣು ನೋಡಿ ಕಲಿತೋನು. ಒಂದು ವರ್ಷ ಹಂಗೇ ಬದುಕ್ತೀನಿ."

ಅವಳು ಮಣ್ಣು ಹಾಕಿದಳು. ಬೇಗೆಸಿದ್ಧ ಮಿಣುಕುಹುಳದಷ್ಟಾಗಿ ಕಿಟಕಿಯಿಂದ ಹಾರಿ ಹೋದ. ಆಮೇಲೆ ಅವನು ಒಂದು ಹುಲ್ಲುಕಡ್ಡಿಯನ್ನೂ ಸುಡಲಿಲ್ಲ.

ಬೇಗೆ ಹೆಜ್ಜೆ ಹೆಜ್ಜೆಯಾಗಿ ಬೆಟ್ಟ ಇಳಿಯಿತು. ಬಿದಿರು ಕುಂಟುತ್ತಲೇ ಹಿಂದಕ್ಕೆ ಬಂತು. ಆ ಯುಗಾದಿಗೆ ಕೆಂಚವ್ವ ಹೂ ಕೀಳಲಿಲ್ಲ. ವರ್ಷವಿಡೀ ಕೇತಯ್ಯ ಕತ್ತಲಲ್ಲಿ ಕೂತು ಮಣ್ಣು ರುಚಿ ನೋಡಿ ಹದ ಹೇಳಿದ, ಮಗಳು ತಿಗರಿ ತಿರುಗಿಸಿದಳು. ಪೂರ್ತಿ ಕತ್ತಲಾದ ಕಣ್ಣಿಗೆ ರಸ ಹತ್ತುತ್ತದೋ ಇಲ್ಲವೋ ಎಂದು ಅವಳು ದಿನಾ ಹೆದರಿದಳು.

ಮರುವರ್ಷ ಕಹಿಪಟ್ಟಿಯಲ್ಲಿ ಕಲ್ಲಿನ ಸಂದಿಯಿಂದ ಹದಿನೇಳು ಕಣ್ಮಣಿ ಎದ್ದವು. ಉಡದ ಅಪ್ಪಣೆ ಕೇಳಿ ಅವಳು ಒಂದು ಹೂ ತಂದು ಅಪ್ಪನ ಕಣ್ಣಿಗೆ ಹಿಂಡಿದಳು. ಕೇತಯ್ಯ ರೆಪ್ಪೆ ಬಡಿದ. ಮತ್ತೆ ಬಡಿದ. ಎದುರಿಗೆ ಮಗಳಿದ್ದಳು, ಅವಳ ಹಿಂದೆ ವರ್ಷವೆಲ್ಲ ಅವಳು ಮಾಡಿದ ಮಡಕೆಗಳ ಸಾಲಿತ್ತು. ಅವನು ಬಹಳ ಹೊತ್ತು ನೋಡಿದ.

"ಎಲ್ಲಾನೂ ಸೊಟ್ಟ ಮಾಡಿದೀಯಲ್ಲೇ ಮಗಳೇ," ಎಂದ.

ಕೆಂಚವ್ವ ನಕ್ಕಳು, ಅತ್ತಳು, ಹೋಗಿ ಆವಿಗೆಗೆ ಸೌದೆ ಒಟ್ಟಿದಳು. ಆ ಸೊಟ್ಟ ಮಡಕೆಗಳಲ್ಲೇ ಸಿರಿಕೂಡಿನವರು ನೀರು ಕುಡಿದು, ಅನ್ನ ಬೇಯಿಸಿ, ಬಹುಕಾಲ ತಣ್ಣಗಿದ್ದರು.